ಕಲಿಸಲು ಒಪ್ಪಿದವರ ಎಂಜಿನ್

ನನ್ನ ಸೋದರಮಾವ ಉಗಿ ಎಂಜಿನ್ನಿನ ಫೈರ್‌ಮನ್ ಆಗಿದ್ದರು. ಹದಿನೆಂಟು ವರ್ಷ ಸಲಿಕೆಯಿಂದ ಕಲ್ಲಿದ್ದಲನ್ನು ಬೆಂಕಿಯ ಬಾಯಿಗೆ ಎಸೆದ ತೋಳು ಅವರದು. 1978ರಲ್ಲಿ ಇಲಾಖೆಯಿಂದ ಒಂದು ಆದೇಶ ಬಂತು. ಇನ್ನು ಮುಂದೆ ಡೀಸೆಲ್ ಎಂಜಿನ್ನಿನಲ್ಲಿ ಸಹಾಯಕ ಚಾಲಕರಾಗಿ ದುಡಿಯಬೇಕು, ಅದಕ್ಕಾಗಿ ತರಬೇತಿ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬುದು ಅದರ ಸಾರಾಂಶ. ಮಾವ ಓದಿದ್ದು ಕನ್ನಡದಲ್ಲಿ ಏಳನೆಯ ತರಗತಿಯವರೆಗೆ. ಕೈಗೆ ಬಂದ ಪುಸ್ತಕವೋ ಪೂರ್ತಿ ಇಂಗ್ಲಿಷಿನಲ್ಲಿತ್ತು. ಒಂದು ಭಾನುವಾರ ಆ ಪುಸ್ತಕವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂಗಾರಪೇಟೆಯ ನಮ್ಮ ಮನೆಗೆ ಬಂದರು. "ನೀನು ಕಾಲೇಜಿಗೆ ಹೋಗೋನು. ಇದರಲ್ಲಿ ಏನು ಬರೆದಿದ್ದಾರೆ ಅಂತ ನನಗೆ ಹೇಳಿಕೊಡೋ" ಎಂದರು. ನಾನಾಗ ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ ಓದುತ್ತಿದ್ದ ಹುಡುಗ. ಬಿ.ಎಡ್. ಮುಗಿಸಿ ಮೇಷ್ಟ್ರಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಮಾಡಿದ ಮೊದಲ ಪಾಠ ಅದು. ಪಾಠದ ವಿಷಯ, ಡಬ್ಲ್ಯುಡಿಎಂ-2 ಎಂಬ ಡೀಸೆಲ್ ರೈಲು ಎಂಜಿನ್.

ನಲವತ್ತು ದಾಟಿದ ಓದುಗರೆಲ್ಲ ಈ ಎಂಜಿನ್ನನ್ನು ನೋಡಿಯೇ ಇರುತ್ತೀರಿ, ಹೆಸರು ಗೊತ್ತಿಲ್ಲದಿರಬಹುದು. ಮುಂದೊಂದು ಗಿಡ್ಡ ಮೂತಿ, ನಡುವೆ ಚಾಲಕರ ಕೋಣೆ, ಹಿಂದೆ ಉದ್ದನೆಯ ಪೆಟ್ಟಿಗೆಯಂತಹ ಮೈ, ಇಕ್ಕೆಲಗಳಲ್ಲಿ ನಡೆದಾಡಲು ಕಿರಿದಾದ ಜಗಲಿ. ಹೊರಡುವಾಗ ಗುಡುಗುಡು ಸದ್ದು ಮಾಡುತ್ತ ಕಪ್ಪು ಹೊಗೆಯನ್ನು ಆಕಾಶಕ್ಕೆ ಉಗುಳುತ್ತಿತ್ತು. ಹೆಸರಿನ ಅರ್ಥ ಸರಳವಾದದ್ದು. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಎಂದರೆ ಡೀಸೆಲ್, ಎಂ ಎಂದರೆ ಪ್ರಯಾಣಿಕರ ಗಾಡಿ ಮತ್ತು ಸರಕು ಗಾಡಿ ಎರಡಕ್ಕೂ ಒದಗುವ ಮಿಶ್ರ ಬಗೆ, 2 ಎಂದರೆ ಆ ಸಾಲಿನಲ್ಲಿ ಎರಡನೆಯದು.

ಈ ಎಂಜಿನ್ ನಮ್ಮ ದೇಶಕ್ಕೆ ಬಂದ ಬಗೆಯನ್ನು ತಿಳಿಯಲು 1950ರ ದಶಕಕ್ಕೆ ಹೋಗಬೇಕು. ಎರಡನೆಯ ಪಂಚವಾರ್ಷಿಕ ಯೋಜನೆ 1956ರಲ್ಲಿ ಆರಂಭವಾಯಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ಉಕ್ಕಿನ ಕಾರ್ಖಾನೆಗಳು ತಲೆಯೆತ್ತುತ್ತಿದ್ದವು. ಅದಿರು, ಕಲ್ಲಿದ್ದಲು, ಸಿಮೆಂಟು ಎಲ್ಲವೂ ರೈಲಿನಲ್ಲಿಯೇ ಸಾಗಬೇಕು. ಚಿತ್ತರಂಜನ್ ಕಾರ್ಖಾನೆ 1950ರಿಂದ ಉಗಿ ಎಂಜಿನ್ನುಗಳನ್ನು ತಯಾರಿಸುತ್ತಿತ್ತು, ಆದರೆ ಸಾಗಿಸಬೇಕಾದ ಸರಕಿನ ಭಾರ ಅವುಗಳ ಶಕ್ತಿಯನ್ನು ಮೀರಿ ಬೆಳೆಯುತ್ತಿತ್ತು. ಉಗಿ ಎಂಜಿನ್ ಸುಡುವ ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲೂ ಚಕ್ರವನ್ನು ಮುಟ್ಟುವುದಿಲ್ಲ. ಬಾಯ್ಲರಿನಲ್ಲಿ ಉಗಿ ಏಳಲು ಗಂಟೆಗಟ್ಟಲೆ ಕಾಯಬೇಕು. ದಾರಿಯುದ್ದಕ್ಕೂ ನೀರು ತುಂಬಿಸಬೇಕು. ದಕ್ಷಿಣ ಭಾರತಕ್ಕಂತೂ ಕಲ್ಲಿದ್ದಲನ್ನು ಬಹುಮಟ್ಟಿಗೆ ದೂರದ ಗಣಿಗಳಿಂದಲೇ ತರಿಸಬೇಕಿತ್ತು. ಎಂಜಿನ್ನಿನ ಆಹಾರವನ್ನು ಹೊತ್ತು ತರಲು ಇನ್ನೊಂದು ಎಂಜಿನ್ ಬೇಕು ಎಂಬ ಪರಿಸ್ಥಿತಿ.

ಆಗ ರೈಲ್ವೆ ಇಲಾಖೆ ಅಮೆರಿಕದತ್ತ ನೋಡಿತು. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ ಅಮೆರಿಕನ್ ಲೋಕೊಮೋಟಿವ್ ಕಂಪನಿ, ಸಂಕ್ಷಿಪ್ತವಾಗಿ ಆಲ್ಕೊ, ಎಂಬ ಸಂಸ್ಥೆಯಿತ್ತು. 1957-58ರ ಸುಮಾರಿಗೆ ಅಲ್ಲಿಂದ 1950 ಅಶ್ವಶಕ್ತಿಯ ನೂರು ಎಂಜಿನ್ನುಗಳು ಬಂದವು. ಅವೇ ಡಬ್ಲ್ಯುಡಿಎಂ-1. ಕೆಲಸವನ್ನೇನೋ ಚೆನ್ನಾಗಿಯೇ ಮಾಡಿದವು. ಆದರೆ ದೇಶಕ್ಕೆ ಬೇಕಾಗಿದ್ದುದು ಸಾವಿರಗಟ್ಟಲೆ ಎಂಜಿನ್ನುಗಳು. ಅಷ್ಟನ್ನು ಕೊಳ್ಳುವ ವಿದೇಶಿ ವಿನಿಮಯ ನಮ್ಮಲ್ಲಿರಲಿಲ್ಲ. ನಾವೇ ತಯಾರಿಸಬೇಕು, ಅದಕ್ಕೆ ಯಾರಾದರೂ ಕಲಿಸಬೇಕು.

ಕಥೆಯ ತಿರುವು ಇಲ್ಲಿದೆ. 1962ರ ಹೊತ್ತಿಗೆ ಎರಡು ಬಗೆಯ ಎಂಜಿನ್ನುಗಳು ಭಾರತಕ್ಕೆ ಬಂದವು. ಒಂದು ಆಲ್ಕೊ ಸಂಸ್ಥೆಯದು, ಡಬ್ಲ್ಯುಡಿಎಂ-2. ಇನ್ನೊಂದು ಜನರಲ್ ಮೋಟರ್ಸ್ ಸಂಸ್ಥೆಯದು, ಡಬ್ಲ್ಯುಡಿಎಂ-4. ಎರಡೂ 2600 ಅಶ್ವಶಕ್ತಿಯವು. ಹಲವು ವಿಷಯಗಳಲ್ಲಿ ಜನರಲ್ ಮೋಟರ್ಸ್‌ನ ಎಂಜಿನ್ನೇ ಮೇಲು ಎಂಬ ಅಭಿಪ್ರಾಯ ರೈಲ್ವೆಯ ಇತಿಹಾಸ ಬಲ್ಲವರಲ್ಲಿದೆ. 1969ರ ಮಾರ್ಚ್‌ನಲ್ಲಿ ಹೌರಾ-ದೆಹಲಿ ನಡುವೆ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಹೊರಟಾಗ ಅದನ್ನು ಎಳೆದದ್ದು ಆ ಬಗೆಯ ಎಂಜಿನ್. ಆದರೆ ಅದನ್ನು ತಯಾರಿಸುವ ವಿದ್ಯೆಯನ್ನು ಹಸ್ತಾಂತರಿಸಲು ಆ ಸಂಸ್ಥೆ ಒಪ್ಪಲಿಲ್ಲ. ಆಲ್ಕೊ ಒಪ್ಪಿತು. ಹೀಗಾಗಿ ಡಬ್ಲ್ಯುಡಿಎಂ-4ರ ಸಂಖ್ಯೆ ಎಪ್ಪತ್ತರ ಆಸುಪಾಸಿನಲ್ಲಿಯೇ ನಿಂತಿತು. ಡಬ್ಲ್ಯುಡಿಎಂ-2 ಮಾತ್ರ 1990ರ ದಶಕದ ಕೊನೆಯವರೆಗೂ ತಯಾರಾಗುತ್ತ 2600ನ್ನೂ ಮೀರಿ ಬೆಳೆಯಿತು. ಗೆದ್ದದ್ದು ಉತ್ತಮವಾದ ಎಂಜಿನ್ ಅಲ್ಲ, ಕಲಿಸಲು ಒಪ್ಪಿದವರ ಎಂಜಿನ್.

ಆಲ್ಕೊದವರು ಇದನ್ನು ಧರ್ಮಕ್ಕೆ ಮಾಡಿದರೆಂದು ಯಾರೂ ಭಾವಿಸಬೇಕಾಗಿಲ್ಲ. ತಮ್ಮ ದೇಶದಲ್ಲಿ ಅವರು ಸೋಲುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಅವರು ತಂದ 244 ಎಂಬ ಡೀಸೆಲ್ ಯಂತ್ರ ಪದೇ ಪದೇ ಕೆಟ್ಟು ಗ್ರಾಹಕರ ವಿಶ್ವಾಸವನ್ನು ಕಳೆದಿತ್ತು. ಅದರ ದೋಷಗಳನ್ನು ತಿದ್ದಿ 251 ಎಂಬ ಉತ್ತಮ ಯಂತ್ರವನ್ನು ತಯಾರಿಸುವ ಹೊತ್ತಿಗೆ ಪೇಟೆ ಜನರಲ್ ಮೋಟರ್ಸ್‌ನ ಕೈಸೇರಿತ್ತು. ಸೋಲುತ್ತಿರುವವನಿಗೆ ದೂರದ ದೇಶದ ಗ್ರಾಹಕನೂ ದೊಡ್ಡವನೇ. ಒಬ್ಬರ ಅಗತ್ಯ ಇನ್ನೊಬ್ಬರ ಅಗತ್ಯಕ್ಕೆ ಒದಗಿತು, ಅಷ್ಟೆ.

ವಾರಾಣಸಿಯಲ್ಲಿ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ಕಾರ್ಖಾನೆಗೆ ಬಾಬು ರಾಜೇಂದ್ರ ಪ್ರಸಾದರು 1956ರಲ್ಲಿಯೇ ಅಡಿಗಲ್ಲು ಹಾಕಿದ್ದರು. ಆಲ್ಕೊದೊಡನೆ ಒಪ್ಪಂದವಾದದ್ದು 1962ರಲ್ಲಿ. 1964ರ ಜನವರಿ 3ರಂದು ಅಲ್ಲಿ ಸಿದ್ಧವಾದ ಮೊದಲ ಎಂಜಿನ್ನನ್ನು ಲಾಲ್ ಬಹದ್ದೂರ್ ಶಾಸ್ತ್ರಿಯವರು ದೇಶಕ್ಕೆ ಅರ್ಪಿಸಿದರು. ಹಿಂದೆ ರೈಲ್ವೆ ಮಂತ್ರಿಯಾಗಿದ್ದು, ಅರಿಯಲೂರಿನ ಅಪಘಾತದ ಹೊಣೆ ಹೊತ್ತು 1956ರಲ್ಲಿ ರಾಜೀನಾಮೆ ಕೊಟ್ಟಿದ್ದವರು ಅವರು. ಅದೇ 1964ರ ಜೂನ್‌ನಲ್ಲಿ ಪ್ರಧಾನಿಯಾದರು. ಮೊದಮೊದಲ ಎಂಜಿನ್ನುಗಳು ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಗೊಂಡವು. ಬರಬರುತ್ತ ಒಂದೊಂದೇ ಭಾಗ ಇಲ್ಲಿಯೇ ತಯಾರಾಗತೊಡಗಿತು.

ಇನ್ನು ಯಂತ್ರದ ಒಳಗೆ ಇಣುಕೋಣ. ಮಾವನಿಗೆ ಪಾಠ ಹೇಳುವಾಗ ನಾವಿಬ್ಬರೂ ಮೊದಲು ಎಡವಿದ್ದು ಒಂದು ವಾಕ್ಯದಲ್ಲಿ. ಈ ಎಂಜಿನ್ನಿನಲ್ಲಿ ಡೀಸೆಲ್ ಯಂತ್ರವು ಚಕ್ರಗಳನ್ನು ತಿರುಗಿಸುವುದಿಲ್ಲ ಎಂದು ಪುಸ್ತಕ ಹೇಳುತ್ತಿತ್ತು. ಮಾವ ನಂಬಲಿಲ್ಲ. ನಾನು ತಪ್ಪು ಓದಿರಬೇಕೆಂದು ಮತ್ತೊಮ್ಮೆ ಓದಿಸಿದರು. ನಿಘಂಟು ತೆರೆದು ನೋಡಿದರೂ ಅರ್ಥ ಅದೇ. ಕೊನೆಗೆ ಅಂಗಳದಲ್ಲಿದ್ದ ನನ್ನ ಸೈಕಲ್ಲನ್ನು ತಂದು ಹಿಂದಿನ ಚಕ್ರ ತಿರುಗಿಸಿದೆ. ಡೈನಮೋ ಉಜ್ಜಿ ದೀಪ ಹತ್ತಿತು. "ಮಾವ, ಚಕ್ರ ತಿರುಗಿದರೆ ಕರೆಂಟು ಬರುತ್ತದೆ. ಅದೇ ಕರೆಂಟನ್ನು ಇನ್ನೊಂದು ಮೋಟಾರಿಗೆ ಕೊಟ್ಟರೆ ಅದು ತಿರುಗುತ್ತದೆ" ಎಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದು ಕರೆಂಟಿನ ಎಂಜಿನ್ನೇ ಕಣೋ. ಪವರ್ ಹೌಸನ್ನು ಬೆನ್ನಿಗೆ ಕಟ್ಟಿಕೊಂಡು ಓಡುತ್ತದೆ" ಎಂದರು. ಮುಂದೆ ಎಷ್ಟೋ ಪುಸ್ತಕಗಳನ್ನು ಓದಿದ್ದೇನೆ, ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಉದ್ದನೆಯ ಪೆಟ್ಟಿಗೆಯೊಳಗೆ ಇರುವುದು 251 ಯಂತ್ರ. ಎರಡು ಸಾಲಿನಲ್ಲಿ, ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ನಿಂತ ಹದಿನಾರು ಸಿಲಿಂಡರುಗಳು. ಒಂದೊಂದರ ಒಳ ಅಗಲ 9 ಅಂಗುಲ, ಪಿಸ್ಟನ್ ಓಡುವ ದೂರ ಹತ್ತೂವರೆ ಅಂಗುಲ. ಪೂರ್ಣ ವೇಗದಲ್ಲಿ ನಿಮಿಷಕ್ಕೆ 1000 ಸುತ್ತು. ಈ ಯಂತ್ರ ಒಂದು ದೊಡ್ಡ ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಕೆಳಗಿನ ಆರು ಅಚ್ಚುಗಳಿಗೆ ಜೋಡಿಸಿದ ಆರು ಮೋಟಾರುಗಳಿಗೆ ಹರಿಯುತ್ತದೆ. ಲಾರಿಯಂತೆ ಗೇರು ಹಾಕುತ್ತ ಸಾವಿರಾರು ಟನ್ ಭಾರವನ್ನು ನಿಂತಲ್ಲಿಂದ ಕದಲಿಸುವುದು ಕಷ್ಟಸಾಧ್ಯ. ವಿದ್ಯುತ್ ಮೋಟಾರಿಗಾದರೋ ಮೊದಲ ತಿರುವಿನಲ್ಲಿಯೇ ಹೆಚ್ಚಿನ ಬಲ. ಇಡೀ ಎಂಜಿನ್ನಿನ ತೂಕ ಸುಮಾರು 113 ಟನ್, ವೇಗದ ಮಿತಿ ಗಂಟೆಗೆ 120 ಕಿಲೋಮೀಟರ್, ಟ್ಯಾಂಕಿಯಲ್ಲಿ 5000 ಲೀಟರ್ ಡೀಸೆಲ್. ಚಾಲಕನ ಕೈಯ ಹಿಡಿಗೆ ಎಂಟು ಮೆಟ್ಟಿಲು. ಮೆಟ್ಟಿಲು ಏರಿಸಿದಂತೆಲ್ಲ ಶಕ್ತಿ ಏರುತ್ತದೆ.

ಆ ಪ್ರಸಿದ್ಧ ಕಪ್ಪು ಹೊಗೆಯ ಕಾರಣವೂ ಪುಸ್ತಕದಲ್ಲಿತ್ತು. ಯಂತ್ರಕ್ಕೆ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಎಂಬ ಸಾಧನವಿದೆ. ಹೊರಹೋಗುವ ಹೊಗೆಯ ರಭಸವೇ ಅದನ್ನು ತಿರುಗಿಸಬೇಕು. ಚಾಲಕ ಹಿಡಿಯನ್ನು ಏರಿಸಿದ ಕೂಡಲೇ ಎಣ್ಣೆ ಹೆಚ್ಚಾಗಿ ಸಿಲಿಂಡರಿಗೆ ಬರುತ್ತದೆ, ಆದರೆ ಟರ್ಬೋ ವೇಗ ಹಿಡಿಯಲು ಕೆಲವು ಕ್ಷಣ ಬೇಕು. ಆ ಕ್ಷಣಗಳಲ್ಲಿ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಅರೆಬೆಂದ ಎಣ್ಣೆಯೇ ಹೊಗೆಯಾಗಿ ಹೊರಬರುತ್ತದೆ. "ಒಲೆಗೆ ಸೌದೆ ತುರುಕಿ ಊದುಕೊಳವೆ ಮರೆತ ಹಾಗೆ" ಎಂದರು ಮಾವ. ಬೆಂಕಿಯ ವಿಷಯದಲ್ಲಿ ಅವರೇ ನನ್ನ ಗುರು.

ಅವರ ನಿಜವಾದ ಸಂಕಟ ಯಂತ್ರದ್ದಾಗಿರಲಿಲ್ಲ. ಉಗಿ ಎಂಜಿನ್ನಿನ ಮೇಲೆ ಚಾಲಕನ ಜೊತೆ ಇಬ್ಬರು ಫೈರ್‌ಮನ್ನರು ಇರುತ್ತಿದ್ದರು. ಡೀಸೆಲ್ಲಿಗೆ ಒಬ್ಬ ಸಹಾಯಕ ಸಾಕು. ಪರೀಕ್ಷೆಯಲ್ಲಿ ಸೋತರೆ ಶೆಡ್ಡಿನಲ್ಲಿ ಬೂದಿ ಎತ್ತುವಂತಹ ಕೆಲಸಕ್ಕೆ ಇಳಿಯಬೇಕಾಗುತ್ತದೆಂಬ ಭಯ ಅವರಿಗಿತ್ತು. ಅದಕ್ಕಿಂತ ಹೆಚ್ಚಾಗಿ, ತಾವು ಬಲ್ಲ ವಿದ್ಯೆಗೆ ಇನ್ನು ಬೆಲೆಯಿಲ್ಲ ಎಂಬ ನೋವು. ಜೋಲಾರ್‌ಪೇಟೆಯಿಂದ ಕುಪ್ಪಂ ದಾಟಿ ನಮ್ಮ ಪ್ರಸ್ಥಭೂಮಿಗೆ ಏರುವ ಹಾದಿಯಲ್ಲಿ ಎಲ್ಲಿ ಎಷ್ಟು ಸಲಿಕೆ ಇದ್ದಲು ಬೇಕೆಂದು ಅವರು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು. ಎಂಜಿನ್ನಿನ ಉಸಿರು ಕೇಳಿಯೇ ಅದರ ಕಾಯಿಲೆ ತಿಳಿಯುತ್ತಿತ್ತು. ಈಗ ಎಲ್ಲವೂ ಪೆಟ್ಟಿಗೆಯೊಳಗೆ. ಹೊರಗೆ ಕಾಣುವುದು ಮುಳ್ಳು ತೋರಿಸುವ ಮಾಪಕಗಳು ಮಾತ್ರ. ಆರು ಭಾನುವಾರ ನಾವು ಕುಳಿತೆವು. ತಂಪಿನ ನೀರು ಕಡಿಮೆಯಾದರೆ, ಜಿಡ್ಡೆಣ್ಣೆಯ ಒತ್ತಡ ಇಳಿದರೆ ಯಂತ್ರ ತಾನೇ ನಿಂತುಬಿಡುತ್ತದೆ, ವಿದ್ಯುತ್ತು ಎಲ್ಲಿಯಾದರೂ ಮೈಗೆ ಸೋರಿದರೆ ಶಕ್ತಿ ಕಡಿತವಾಗುತ್ತದೆ ಎಂಬುದನ್ನೆಲ್ಲ ಅವರು ತಮ್ಮದೇ ಮಾತಿನಲ್ಲಿ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂದೆ ಚಾಲಕರೂ ಆದರು. ಅವರ ಜೊತೆಯವರಲ್ಲಿ ಎಲ್ಲರಿಗೂ ಆ ಭಾಗ್ಯ ದೊರೆಯಲಿಲ್ಲ ಎಂಬುದನ್ನೂ ಹೇಳಬೇಕು. ಅವರ ಮನೆಗಳಲ್ಲಿ ಇಂಗ್ಲಿಷ್ ಓದುವ ಹುಡುಗರು ಇರಲಿಲ್ಲ.

ಈ ನಡುವೆ ಕಲಿಸಿದವರ ಗತಿ ಏನಾಯಿತು? 1969ರಲ್ಲಿ ಆಲ್ಕೊ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿ ಬಾಗಿಲು ಹಾಕಿತು. ಅದೇ ವರ್ಷ ಜುಲೈನಲ್ಲಿ ಅಪೋಲೋ 11 ಚಂದ್ರನತ್ತ ಹೊರಟಿತು. ಆ ಬೃಹತ್ ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿಕೊಂಡು ಉಡಾವಣೆಯ ಕಟ್ಟೆಗೆ ಒಯ್ದ ದೈತ್ಯ ವಾಹನದಲ್ಲಿ ವಿದ್ಯುತ್ ಉತ್ಪಾದಿಸುತ್ತಿದ್ದುದು ಇದೇ ಆಲ್ಕೊ 251 ಮನೆತನದ ಎರಡು ಹದಿನಾರು ಸಿಲಿಂಡರಿನ ಯಂತ್ರಗಳು. ನಮ್ಮ ಕಡೆ ಕಡಲೆಕಾಯಿ ಮೂಟೆಯ ವ್ಯಾಗನ್ ಎಳೆದ ಯಂತ್ರದ ಅಣ್ಣತಮ್ಮಂದಿರು ಅವು. ತಯಾರಿಸಿದ ಕಂಪನಿ ಇಲ್ಲವಾಯಿತು, ಕಲಿತ ಕಾರ್ಖಾನೆ ಉಳಿಯಿತು. ವಾರಾಣಸಿಯ ಕೆಲಸ ಒಂದು ದಿನವೂ ನಿಲ್ಲಬೇಕಾಗಲಿಲ್ಲ. ಎಂಜಿನ್ನನ್ನು ಮಾತ್ರ ಕೊಂಡಿದ್ದರೆ 1969ರ ನಂತರ ಬಿಡಿಭಾಗಕ್ಕಾಗಿ ಯಾರ ಬಾಗಿಲು ತಟ್ಟಬೇಕಾಗಿತ್ತೋ ಯೋಚಿಸಿ.

ಎರಡು ಎಂಜಿನ್ನುಗಳನ್ನು ಜೋಡಿಸಿ ಒಬ್ಬನೇ ಚಾಲಕ ನಡೆಸಬಹುದಾದ್ದರಿಂದ ಉದ್ದನೆಯ ಗಾಡಿಗಳು ಸಾಧ್ಯವಾದವು. ಇದೇ ಮನೆತನದ ಆರು ಸಿಲಿಂಡರಿನ ತಮ್ಮ ವೈಡಿಎಂ-4 ಮೀಟರ್‌ಗೇಜಿನಲ್ಲಿ ಓಡಿತು. ಕರ್ನಾಟಕದ ಬಹುಭಾಗ ಮೀಟರ್‌ಗೇಜ್ ಆಗಿದ್ದುದರಿಂದ ನಮ್ಮ ಜನ ಹೆಚ್ಚಾಗಿ ಕಂಡದ್ದು ಅದನ್ನೇ. 1990ರ ದಶಕದಲ್ಲಿ ಹಳಿಗಳು ಅಗಲವಾದಂತೆ ಡಬ್ಲ್ಯುಡಿಎಂ-2 ಮೈಸೂರು, ಹುಬ್ಬಳ್ಳಿಯ ಕಡೆಗೂ ಬಂತು. ಬೆಂಗಳೂರಿನ ಕೃಷ್ಣರಾಜಪುರದ ಶೆಡ್ಡು ಅವುಗಳ ದೊಡ್ಡ ಮನೆಯಾಯಿತು. 1995ರ ಡಿಸೆಂಬರ್‌ನಲ್ಲಿ ದೇಶದ ಬ್ರಾಡ್‌ಗೇಜಿನಲ್ಲಿ ದಿನನಿತ್ಯದ ಉಗಿಗಾಡಿಯ ಓಟ ಮುಗಿಯಿತು. 1996ರಲ್ಲಿ ವಾರಾಣಸಿಯ ಎಂಜಿನ್ನುಗಳು ಶ್ರೀಲಂಕೆಗೂ ಹೋದವು. ಕಲಿತವರು ಇತರರಿಗೆ ಕೊಡುವಂತಾದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಂತೋಷದ ಕಥೆ. ಆದರೆ ಇತಿಹಾಸದ ಮೇಷ್ಟ್ರು ಇನ್ನೊಂದು ಪುಟವನ್ನೂ ತಿರುವಬೇಕಾಗುತ್ತದೆ. 1964ರಲ್ಲಿ ನಾವು ತಯಾರಿಸಿದ ಎಂಜಿನ್ನಿನ ಶಕ್ತಿ 2600 ಅಶ್ವಶಕ್ತಿ. ಇಪ್ಪತ್ತೈದು ವರ್ಷ ಕಳೆದರೂ ವಾರಾಣಸಿಯ ಮುಖ್ಯ ಎಂಜಿನ್ನಿನ ಶಕ್ತಿ ಅದೇ 2600. ಅಲ್ಲಲ್ಲಿ ತಿದ್ದುಪಡಿಗಳಾದವು, ವ್ಯಾಕ್ಯೂಮ್ ಬ್ರೇಕಿನ ಜೊತೆ ಏರ್ ಬ್ರೇಕ್ ಬಂತು. 3100 ಅಶ್ವಶಕ್ತಿಯ ಸುಧಾರಿತ ರೂಪ ಹೊರಬಂದದ್ದು 1994ರಲ್ಲಿ. ಅಷ್ಟರಲ್ಲಿ ಹೊರಜಗತ್ತು ಕಂಪ್ಯೂಟರ್ ನಿಯಂತ್ರಣದ, ಎಸಿ ಮೋಟಾರುಗಳ ಯುಗಕ್ಕೆ ಹೋಗಿಯಾಗಿತ್ತು. 1995ರಲ್ಲಿ ನಾವು ಮತ್ತೊಮ್ಮೆ ತಂತ್ರಜ್ಞಾನದ ಒಪ್ಪಂದ ಮಾಡಿಕೊಂಡೆವು. ಯಾರೊಡನೆ? ಹಿಂದೆ ಕಲಿಸಲು ಒಪ್ಪದಿದ್ದ ಅದೇ ಜನರಲ್ ಮೋಟರ್ಸ್‌ನೊಡನೆ. 4000 ಅಶ್ವಶಕ್ತಿಯ ಆ ಎಂಜಿನ್ನುಗಳು 1999ರಿಂದ ಬರತೊಡಗಿ ನಮ್ಮ ಹುಬ್ಬಳ್ಳಿಯ ಶೆಡ್ಡಿನಲ್ಲಿಯೇ ಮೊದಲು ನೆಲೆಗೊಂಡವು.

ಕೊಟ್ಟ ಪಾಠವನ್ನು ಚೆನ್ನಾಗಿ ಒಪ್ಪಿಸುವ ವಿದ್ಯಾರ್ಥಿಯನ್ನು ನಾವು ಮೇಷ್ಟ್ರುಗಳು ಹೊಗಳುತ್ತೇವೆ. ಅವನು ಪಾಠದ ಆಚೆಗೆ ಒಂದು ಪ್ರಶ್ನೆಯನ್ನಾದರೂ ಕೇಳಿದನೇ ಎಂದು ನೋಡುವುದಿಲ್ಲ. ಕಾರ್ಖಾನೆಯನ್ನು ದೂರುವ ಮೊದಲು ನನ್ನನ್ನೇ ನೋಡಿಕೊಂಡೆ. ಸೇವೆಯ ಎರಡನೆಯ ವರ್ಷ ಬರೆದ ಟಿಪ್ಪಣಿಗಳನ್ನು ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಬರೆಸಿದ್ದೇನೆ. ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು. ಬದಲಾಯಿಸಬೇಕೆಂದು ತೋರಲಿಲ್ಲ. ವಾರಾಣಸಿಯಲ್ಲಿಯೂ ವರ್ಷಕ್ಕೆ ಇಷ್ಟು ಎಂಜಿನ್ ಬೇಕೆಂಬ ಗುರಿಯಿತ್ತು, ಗುರಿ ಮುಟ್ಟುತ್ತಿತ್ತು. ಬಡದೇಶಕ್ಕೆ ಗೊತ್ತಿರುವ ಎಂಜಿನ್ನೇ ಕ್ಷೇಮ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಯಾವ ಶೆಡ್ಡಿಗೆ ಹೋದರೂ ಅದೇ ಪಿಸ್ಟನ್, ಅದೇ ವಾಲ್ವು. ಎಲ್ಲಿ ಕೆಟ್ಟರೂ ರಿಪೇರಿ ಬಲ್ಲವರಿದ್ದರು. ಆದರೂ ಕಲಿಯುವುದಕ್ಕೂ ಕಲಿತದ್ದನ್ನು ಬೆಳೆಸುವುದಕ್ಕೂ ನಡುವೆ ಇರುವ ದೂರವನ್ನು ಈ ಎಂಜಿನ್ನಿನ ಕಥೆ ಅಳೆದು ತೋರಿಸುತ್ತದೆ.

ಡೀಸೆಲ್ ಎಂಜಿನ್ನಿಗೆ ರೈಲ್ವೆ ನಿಗದಿಪಡಿಸಿದ ಆಯುಸ್ಸು 36 ವರ್ಷ. ಡಬ್ಲ್ಯುಡಿಎಂ-2ಗಳಲ್ಲಿ ಕೆಲವು ಪಟಿಯಾಲದ ಕಾರ್ಖಾನೆಯಲ್ಲಿ ಹೊಸ ಶಕ್ತಿ ಪಡೆದು ಬಾಳಿದವು, ಉಳಿದವು ಒಂದೊಂದಾಗಿ ಗುಜರಿ ಸೇರಿದವು. ಬೆಂಗಳೂರು-ಜೋಲಾರ್‌ಪೇಟೆಯ ನಮ್ಮ ಹಾದಿಗೆ 1990ರ ದಶಕದಲ್ಲಿಯೇ ವಿದ್ಯುತ್ ತಂತಿ ಬಂದಿತ್ತು. ಈಗ ದೇಶದ ಬ್ರಾಡ್‌ಗೇಜ್ ಹಾದಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ವಿದ್ಯುದೀಕರಣಗೊಂಡಿದೆ. ವಾರಾಣಸಿಯ ಕಾರ್ಖಾನೆಯ ಹೆಸರಿನಿಂದ 2020ರಲ್ಲಿ ಡೀಸೆಲ್ ಎಂಬ ಮಾತೇ ಹೋಯಿತು. ಈಗ ಅದು ಬನಾರಸ್ ಲೋಕೊಮೋಟಿವ್ ವರ್ಕ್ಸ್. ಅದಕ್ಕೂ ಮೊದಲು ಅಲ್ಲಿ ಒಂದು ವಿಚಿತ್ರ ಕೆಲಸ ನಡೆಯಿತು. ಆಲ್ಕೊ ಮನೆತನದ ಹಳೆಯ ಡೀಸೆಲ್ ಎಂಜಿನ್ನುಗಳ ಒಡಲಿನಿಂದ ಡೀಸೆಲ್ ಯಂತ್ರವನ್ನು ತೆಗೆದುಹಾಕಿ, ತಂತಿಯಿಂದ ವಿದ್ಯುತ್ ಪಡೆಯುವ ಜೋಡಿ ಎಂಜಿನ್ನಾಗಿ ಮಾರ್ಪಡಿಸಿದರು. 2019ರ ಫೆಬ್ರವರಿಯಲ್ಲಿ ಪ್ರಧಾನಿಯವರು ಅದಕ್ಕೆ ಹಸಿರು ನಿಶಾನೆ ತೋರಿದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ನಮ್ಮ ಅಂಗಳ, ಸೈಕಲ್ಲು, ಮಾವನ ಮಾತು. ಬೆನ್ನಿಗೆ ಕಟ್ಟಿದ್ದ ಪವರ್ ಹೌಸನ್ನು ಇಳಿಸಿದ್ದರು, ಅಷ್ಟೆ.

ಮಾವ ಅದನ್ನು ನೋಡಲು ಇರಲಿಲ್ಲ. ಅವರ ನೋಟ್‌ಬುಕ್ ಅವರ ಮಗನ ಮನೆಯಲ್ಲಿದೆ. ಎಣ್ಣೆ ಹಿಡಿದ ಪುಟಗಳು, ದಪ್ಪ ಅಕ್ಷರ. ನಿವೃತ್ತಿಯಾಗುವ ತನಕ ಅದನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿ ಒಯ್ಯುತ್ತಿದ್ದರಂತೆ. ನಾನು ಹೇಳಿಕೊಟ್ಟದ್ದು ಮೊದಲ ಮೂವತ್ತು ಪುಟ ಮಾತ್ರ. ಉಳಿದದ್ದನ್ನೆಲ್ಲ ಅವರು ಹಾದಿಯಲ್ಲಿ ಕಂಡು, ಕೇಳಿ, ತಾವೇ ಬರೆದುಕೊಂಡದ್ದು. ಯಾವ ಸದ್ದಿಗೆ ಯಾವ ಕಾಯಿಲೆ ಎಂಬ ಪಟ್ಟಿಯೂ ಅದರಲ್ಲಿದೆ. ನಿಮ್ಮ ಮನೆಗಳಲ್ಲಿಯೂ ಶೆಡ್ಡು, ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ಇದ್ದರೆ, ದಯವಿಟ್ಟು ಅವರನ್ನು ಕೂರಿಸಿಕೊಂಡು ಕೇಳಿ, ಬರೆದಿಡಿ.